ಸ್ಮಾರ್ಟ್‌ಫೋನ್ ತಯಾರಕರ ನೀತಿಗಳು ಮತ್ತು ವರ್ತಕರ ಲೆಕ್ಕಾಚಾರ

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸ್ಮಾರ್ಟ್‌ಫೋನ್ ಇರಿಸಿಕೊಳ್ಳದ ವರ್ತಕರನ್ನು ಇಂದು ಕಾಣುವುದು ಅಪರೂಪ. ಯುಪಿಐ ಮೂಲಕ ಹಣ ಸ್ವೀಕರಿಸುವುದು, ಬ್ಯಾಂಕ್ ಖಾತೆಯ ಜಮೆ-ಖರ್ಚು ನೋಡುವುದು, ಜಿಎಸ್‌ಟಿ ವ್ಯವಹಾರಕ್ಕೆ ಒಟಿಪಿ ಪಡೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಸರಕಿನ ಬೇಡಿಕೆ ಸ್ವೀಕರಿಸುವುದು ಮುಂತಾದ ಕಾರ್ಯಗಳೆಲ್ಲ ಈ ಒಂದು ಉಪಕರಣವನ್ನೇ ಅವಲಂಬಿಸಿವೆ. ಲೇತ್ ಯಂತ್ರವನ್ನೋ ತೂಕದ ಯಂತ್ರವನ್ನೋ ಕೊಳ್ಳುವಾಗ ಬಿಡಿಭಾಗ ಎಲ್ಲಿ ದೊರೆಯುತ್ತದೆ, ದುರಸ್ತಿ ಮಾಡುವವರು ಯಾರು, ಎಷ್ಟು ವರ್ಷ ಬಾಳುತ್ತದೆ ಎಂದು ಹತ್ತು ಕಡೆ ವಿಚಾರಿಸುವ ಉದ್ದಿಮೆದಾರರು, ಫೋನ್ ಕೊಳ್ಳುವಾಗ ಮಾತ್ರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರಿಯಾಯಿತಿ ಎಷ್ಟು ಎಂಬ ಎರಡೇ ಪ್ರಶ್ನೆಗಳಿಗೆ ತೃಪ್ತರಾಗುವುದುಂಟು. ಆದರೆ ಫೋನಿನ ನಿಜವಾದ ಬೆಲೆಯನ್ನು ನಿರ್ಧರಿಸುವುದು ತಯಾರಕ ಸಂಸ್ಥೆಯು ಅನುಸರಿಸುವ ನೀತಿ. ಫೋನ್ ಕೊಳ್ಳುವವರಿಗೂ ಮಾರುವವರಿಗೂ ಈ ಮಾತು ಅನ್ವಯಿಸುತ್ತದೆ.

ತಂತ್ರಾಂಶದ ಆಯುಷ್ಯ

ಒಂದು ಕಾಲದಲ್ಲಿ ವ್ಯವಹಾರಸ್ಥರ ಮೆಚ್ಚಿನ ಫೋನಾಗಿದ್ದ ಬ್ಲ್ಯಾಕ್‌ಬೆರಿಯ ಸ್ವಂತ ಕಾರ್ಯಾಚರಣಾ ವ್ಯವಸ್ಥೆಗೆ ಸಂಸ್ಥೆಯು 2022ರ ಜನವರಿ 4ರಂದು ಸೇವೆಯನ್ನು ಕೊನೆಗೊಳಿಸಿತು. ಅಂದಿನಿಂದ ಆ ಹಳೆಯ ಫೋನುಗಳಲ್ಲಿ ಕರೆ ಹಾಗೂ ಸಂದೇಶ ಸೌಲಭ್ಯಗಳಿಗೂ ಭರವಸೆ ಇಲ್ಲದಂತಾಯಿತು. ಯಂತ್ರ ಗಟ್ಟಿಯಾಗಿದ್ದರೂ ಅದನ್ನು ನಡೆಸುವ ತಂತ್ರಾಂಶ ನಿಂತರೆ ಉಪಕರಣವು ನಿರುಪಯುಕ್ತವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ವಾಟ್ಸ್‌ಆ್ಯಪ್ ಕೂಡ 2023ರ ಅಕ್ಟೋಬರಿನಿಂದ ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಆವೃತ್ತಿಗಳಿಗೆ ಬೆಂಬಲವನ್ನು ನಿಲ್ಲಿಸಿತು. ಭದ್ರತಾ ಪರಿಷ್ಕರಣೆ ದೊರೆಯದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಬೀಗವಿಲ್ಲದ ತಿಜೋರಿಯಲ್ಲಿ ಹಣವಿಟ್ಟಂತೆ.

ಈ ವಿಷಯದಲ್ಲಿ ಇತ್ತೀಚಿನ ಬೆಳವಣಿಗೆ ಸ್ವಾಗತಾರ್ಹವಾಗಿದೆ. ಗೂಗಲ್ ಸಂಸ್ಥೆಯು 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8 ಶ್ರೇಣಿಗೆ 7 ವರ್ಷಗಳ ತಂತ್ರಾಂಶ ಪರಿಷ್ಕರಣೆಯ ಭರವಸೆ ನೀಡಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಶ್ರೇಣಿಗೆ ಅಷ್ಟೇ ಅವಧಿಯನ್ನು ಘೋಷಿಸಿತು. ಅದೇ ವರ್ಷ ಭಾರತದಲ್ಲಿ 20,000 ರೂಪಾಯಿಗಿಂತ ಕಡಿಮೆ ಬೆಲೆಗೆ ಬಿಡುಗಡೆಯಾದ ಗ್ಯಾಲಕ್ಸಿ ಎ16 ಫೋನಿಗೂ 6 ವರ್ಷಗಳ ಭರವಸೆ ದೊರೆಯಿತು. ದೀರ್ಘ ಆಯುಷ್ಯವು ದುಬಾರಿ ಫೋನುಗಳಿಗೆ ಮಾತ್ರ ಮೀಸಲಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲೆಕ್ಕ ಸರಳವಾಗಿದೆ. 12,000 ರೂಪಾಯಿಯ ಫೋನ್ ಎರಡೇ ವರ್ಷ ಸುರಕ್ಷಿತವಾಗಿದ್ದರೆ ವಾರ್ಷಿಕ ವೆಚ್ಚ 6,000 ರೂಪಾಯಿ. 18,000 ರೂಪಾಯಿಯ ಫೋನ್ ಆರು ವರ್ಷ ನಡೆದರೆ ವಾರ್ಷಿಕ ವೆಚ್ಚ 3,000 ರೂಪಾಯಿ ಮಾತ್ರ. ಆದರೆ ಒಂದು ಎಚ್ಚರಿಕೆ ಅಗತ್ಯ. ಪರಿಷ್ಕರಣೆಯ ಅವಧಿಯನ್ನು ಸಾಮಾನ್ಯವಾಗಿ ಆ ಮಾದರಿಯು ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಲಾಗುತ್ತದೆ, ಗ್ರಾಹಕರು ಖರೀದಿಸಿದ ದಿನದಿಂದಲ್ಲ. ರಿಯಾಯಿತಿ ದರದಲ್ಲಿ ದೊರೆಯುವ ಹಳೆಯ ದಾಸ್ತಾನಿನ ಆಯುಷ್ಯವು ಗೋದಾಮಿನಲ್ಲಿಯೇ ಒಂದಿಷ್ಟು ಕಳೆದುಹೋಗಿರುತ್ತದೆ.

ಚಾರ್ಜರಿನ ಪ್ರಶ್ನೆ

ಆ್ಯಪಲ್ ಸಂಸ್ಥೆಯು 2020ರ ಅಕ್ಟೋಬರಿನಲ್ಲಿ ಐಫೋನ್ 12ರ ಪೆಟ್ಟಿಗೆಯಿಂದ ಚಾರ್ಜರನ್ನು ಕೈಬಿಟ್ಟಿತು. 2021ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್21 ಶ್ರೇಣಿಯಲ್ಲಿ ಅದೇ ಹಾದಿ ಹಿಡಿಯಿತು. ವಿದ್ಯುನ್ಮಾನ ತ್ಯಾಜ್ಯ ಕಡಿಮೆಯಾಗುತ್ತದೆ ಎಂಬುದು ತಯಾರಕರ ಸಮರ್ಥನೆ. ಬೆಲೆ ಇಳಿಸದೆ ಸಾಮಗ್ರಿ ಕಡಿತಗೊಳಿಸಲಾಗಿದೆ ಎಂಬುದು ಬಳಕೆದಾರರ ಆಕ್ಷೇಪ. ಬ್ರೆಜಿಲ್ ಸರ್ಕಾರವು 2022ರ ಸೆಪ್ಟೆಂಬರಿನಲ್ಲಿ ಚಾರ್ಜರ್ ಇಲ್ಲದ ಐಫೋನುಗಳ ಮಾರಾಟವನ್ನು ನಿಲ್ಲಿಸುವಂತೆ ಆದೇಶಿಸಿತ್ತು.

ಐರೋಪ್ಯ ಒಕ್ಕೂಟವು ಬೇರೊಂದು ಮಾರ್ಗ ಅನುಸರಿಸಿತು. 2022ರಲ್ಲಿ ರೂಪಿಸಿದ ಕಾನೂನಿನಂತೆ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ ಯುಎಸ್‌ಬಿ ಟೈಪ್-ಸಿ ಕಡ್ಡಾಯವಾಯಿತು. ಇದರ ಪರಿಣಾಮವಾಗಿ 2012ರಿಂದ ಲೈಟ್ನಿಂಗ್ ಎಂಬ ತನ್ನದೇ ಪಿನ್ನನ್ನು ಬಳಸುತ್ತಿದ್ದ ಆ್ಯಪಲ್, 2023ರ ಐಫೋನ್ 15ರಲ್ಲಿ ಟೈಪ್-ಸಿಗೆ ಬದಲಾಯಿತು. ಕಾನೂನು ಯೂರೋಪಿನದಾದರೂ ಪಿನ್ನಿನ ಬದಲಾವಣೆ ಭಾರತಕ್ಕೂ ಬಂದಿತು. ಭಾರತೀಯ ಮಾನಕ ಬ್ಯೂರೋ ಸಹ ಟೈಪ್-ಸಿಗೆ ಮಾನದಂಡವನ್ನು ಪ್ರಕಟಿಸಿದೆ. ಕೇಬಲ್, ಚಾರ್ಜರ್ ತಯಾರಿಸುವ ಸಣ್ಣ ಉದ್ದಿಮೆಗಳಿಗೆ ಇದರಿಂದ ಅನುಕೂಲವೇ ಹೆಚ್ಚು. ಹಲವು ಬಗೆಯ ಪಿನ್ನುಗಳಿಗೆ ಅಚ್ಚು ಮಾಡಿಸುವ, ಹಲವು ಬಗೆಯ ದಾಸ್ತಾನು ಇರಿಸುವ ಹೊರೆ ತಗ್ಗುತ್ತದೆ. ಚಾರ್ಜರಿಲ್ಲದ ಪೆಟ್ಟಿಗೆಯೂ ಗುಣಮಟ್ಟದ ಪ್ರತ್ಯೇಕ ಚಾರ್ಜರಿಗೆ ಮಾರುಕಟ್ಟೆಯನ್ನು ಒದಗಿಸುತ್ತದೆ.

ಬ್ಯಾಟರಿ ಮತ್ತು ದುರಸ್ತಿ

ಹಳೆಯ ಬ್ಯಾಟರಿಯುಳ್ಳ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಲಾಗುತ್ತಿದೆ ಎಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನ್ ಹಠಾತ್ತನೆ ಸ್ಥಗಿತಗೊಳ್ಳುವುದನ್ನು ತಪ್ಪಿಸಲು ಹೀಗೆ ಮಾಡಲಾಯಿತೆಂಬುದು ಸಂಸ್ಥೆಯ ವಿವರಣೆ. ಆದರೆ ಗ್ರಾಹಕರಿಗೆ ಸರಿಯಾಗಿ ತಿಳಿಸದ ಕಾರಣ ಫ್ರಾನ್ಸಿನಲ್ಲಿ 2020ರಲ್ಲಿ 2.5 ಕೋಟಿ ಯೂರೋ ದಂಡ ತೆರಬೇಕಾಯಿತು. ಬ್ಯಾಟರಿ ಬದಲಿಸಿದರೆ ಸಾಕಾಗಿದ್ದ ಕಡೆ ಹೊಸ ಫೋನ್ ಕೊಂಡ ಗ್ರಾಹಕರ ನಷ್ಟವೇ ಈ ವಿವಾದದ ತಿರುಳು.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳು ಇನ್ನೂ ಮುಂದೆ ಹೋಗಿವೆ. 800 ಬಾರಿ ಚಾರ್ಜ್ ಮಾಡಿದ ನಂತರವೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು ಸಾಮರ್ಥ್ಯ ಉಳಿದಿರಬೇಕು. ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷಗಳ ಕಾಲ ಪ್ರಮುಖ ಬಿಡಿಭಾಗಗಳನ್ನು ಒದಗಿಸಬೇಕು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿತು. ದುರಸ್ತಿ ಸುಲಭವೋ ಕಷ್ಟವೋ ಎಂಬುದನ್ನು ಸೂಚ್ಯಂಕದ ಮೂಲಕ ತಿಳಿಸುವ ಬಗ್ಗೆ 2024ರಲ್ಲಿ ಸಮಿತಿಯೊಂದನ್ನು ರಚಿಸಿತು. ಆ ಸಮಿತಿಯು 2025ರ ಮೇ ತಿಂಗಳಿನಲ್ಲಿ ವರದಿ ಸಲ್ಲಿಸಿತು. ತಾಲ್ಲೂಕು ಕೇಂದ್ರಗಳಲ್ಲಿ ಮೊಬೈಲ್ ದುರಸ್ತಿಯನ್ನೇ ಜೀವನೋಪಾಯವಾಗಿಸಿಕೊಂಡವರಿಗೆ ಅಸಲಿ ಬಿಡಿಭಾಗಗಳೂ ದುರಸ್ತಿ ಕೈಪಿಡಿಗಳೂ ದೊರೆಯುವುದು ಅತ್ಯಂತ ಮಹತ್ವದ ವಿಷಯ.

ಮಾರಾಟ ನೀತಿ ಮತ್ತು ಅಂಗಡಿದಾರರು

ಫೋನ್ ಮಾರುವ ವರ್ತಕರಿಗೆ ತಯಾರಕರ ಮಾರಾಟ ನೀತಿಯೇ ಅಳಿವು-ಉಳಿವಿನ ಪ್ರಶ್ನೆ. ಹೊಸ ಮಾದರಿಗಳು ಆನ್‌ಲೈನ್ ತಾಣಗಳಲ್ಲಿ ಮಾತ್ರ ಬಿಡುಗಡೆಯಾಗುವುದು, ಅಲ್ಲಿನ ರಿಯಾಯಿತಿಯನ್ನು ಅಂಗಡಿಯಲ್ಲಿ ಕೊಡಲಾಗದಿರುವುದು ಇವರ ಬಹುದಿನಗಳ ದೂರು. ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ತನಿಖೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಮುಂದೆ ಇದೇ ಪ್ರಕರಣದಲ್ಲಿ ವಿವಿಧ ಉಚ್ಚ ನ್ಯಾಯಾಲಯಗಳಿಗೆ ಸಲ್ಲಿಕೆಯಾದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೇ ವರ್ಗಾಯಿಸಿತು.

ವರ್ತಕರ ಸಂಘಟಿತ ಧ್ವನಿಗೂ ಬೆಲೆಯಿದೆ. ಕಡಿಮೆ ಲಾಭಾಂಶ, ವಾರಂಟಿ ಬಾಬ್ತುಗಳ ವಿಳಂಬ ಮುಂತಾದ ಕಾರಣಗಳನ್ನು ಮುಂದಿಟ್ಟು, 2024ರ ಮೇ 1ರಿಂದ ಒನ್‌ಪ್ಲಸ್ ಉತ್ಪನ್ನಗಳನ್ನು ಮಾರುವುದಿಲ್ಲವೆಂದು ದಕ್ಷಿಣ ಭಾರತದ ಸಂಘಟಿತ ಚಿಲ್ಲರೆ ಮಾರಾಟಗಾರರ ಸಂಘವು ಆ ಸಂಸ್ಥೆಗೆ ಪತ್ರ ಬರೆದದ್ದು ದೇಶಾದ್ಯಂತ ಸುದ್ದಿಯಾಯಿತು. ಒಬ್ಬ ಅಂಗಡಿದಾರನ ಪತ್ರಕ್ಕೆ ಇಷ್ಟು ಗಮನ ದೊರೆಯುತ್ತಿರಲಿಲ್ಲ.

ಹೊಸ ಸೌಲಭ್ಯಗಳ ಆಕರ್ಷಣೆ

ಹೊಸ ಸೌಲಭ್ಯಗಳೂ ತಯಾರಕರ ನೀತಿಗೆ ಅಧೀನವಾಗಿರುತ್ತವೆ. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ 5ಜಿ ಸೇವೆ ಆರಂಭವಾದಾಗ, 5ಜಿ ಸಾಮರ್ಥ್ಯವಿದ್ದ ಐಫೋನುಗಳಲ್ಲಿ ಅದು ಎಲ್ಲರಿಗೂ ದೊರೆತದ್ದು ಡಿಸೆಂಬರಿನ ತಂತ್ರಾಂಶ ಪರಿಷ್ಕರಣೆಯ ನಂತರವೇ. 2024ರಲ್ಲಿ ಆ್ಯಪಲ್ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳನ್ನು ಬಿಡುಗಡೆ ಮಾಡಿದಾಗ ಐಫೋನ್ 15 ಪ್ರೊ ಹೊಂದಿದವರಿಗೆ ಅವು ಲಭಿಸಿದವು. ಅದೇ ದಿನ ಮಾರುಕಟ್ಟೆಗೆ ಬಂದಿದ್ದ ಸಾಧಾರಣ ಐಫೋನ್ 15 ಕೊಂಡವರಿಗೆ ಲಭಿಸಲಿಲ್ಲ. ಮುಂದೆ ಬರಲಿರುವ ಸೌಲಭ್ಯವನ್ನು ನಂಬಿ ಇಂದೇ ಹೆಚ್ಚು ಹಣ ತೆರುವುದು ಜಾಣತನವಲ್ಲ.

ಖರೀದಿಗೆ ಮುನ್ನ

ವರ್ತಕ ಬಾಂಧವರು ಗಮನಿಸಬೇಕಾದ ಅಂಶಗಳಿವು:

1. ಈ ಮಾದರಿಗೆ ಯಾವ ವರ್ಷದವರೆಗೆ ಭದ್ರತಾ ಪರಿಷ್ಕರಣೆ ದೊರೆಯುತ್ತದೆ?
2. ಅಧಿಕೃತ ಸೇವಾ ಕೇಂದ್ರ ತಮ್ಮ ಊರಿನಲ್ಲಿಯೇ ಇದೆಯೇ? ಬ್ಯಾಟರಿ ಮತ್ತು ಪರದೆ ಬದಲಿಸಲು ತಗಲುವ ವೆಚ್ಚವೆಷ್ಟು?
3. ಚಾರ್ಜರನ್ನು ಪ್ರತ್ಯೇಕವಾಗಿ ಕೊಳ್ಳಬೇಕೇ? ಕೊಳ್ಳುವುದಾದರೆ ಅದಕ್ಕೆ ಮಾನಕ ಬ್ಯೂರೋದ ನೋಂದಣಿ ಇದೆಯೇ?
4. ವ್ಯವಹಾರದ ಬಳಕೆಗೆ ಕೊಳ್ಳುವ ಫೋನಿನ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿದೆಯೇ? ಹೂಡುವಳಿ ತೆರಿಗೆಯ ಜಮೆಗೆ ಇದು ಅಗತ್ಯ.
5. ಫೋನ್ ಮಾರುವವರಾದರೆ, ವಾರಂಟಿ ಬಾಬ್ತಿನ ಹಣ ಎಷ್ಟು ದಿನಗಳಲ್ಲಿ ಸಂದಾಯವಾಗುತ್ತದೆ, ಹಳೆಯ ದಾಸ್ತಾನಿನ ಬೆಲೆ ಇಳಿದರೆ ನಷ್ಟ ಯಾರದು ಎಂಬುದು ಬರವಣಿಗೆಯಲ್ಲಿದೆಯೇ?

2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಣೆ ಆರಂಭವಾದ ನಂತರ ಕೋಲಾರ ಜಿಲ್ಲೆಯ ನರಸಾಪುರ, ಬೆಂಗಳೂರು ಸಮೀಪದ ದೇವನಹಳ್ಳಿಗಳೂ ಈ ಉದ್ಯಮದ ಭೂಪಟದಲ್ಲಿ ಸ್ಥಾನ ಪಡೆದಿವೆ. ಫೋನ್ ನಮ್ಮ ನೆಲದಲ್ಲಿಯೇ ಸಿದ್ಧವಾದರೂ ಅದರ ಆಯುಷ್ಯ, ದುರಸ್ತಿ ಮತ್ತು ಮಾರಾಟದ ನೀತಿಗಳು ರೂಪುಗೊಳ್ಳುವುದು ಬೇರೆಡೆ. ಯೂರೋಪಿನ ಗ್ರಾಹಕರಿಗೆ ಕಾನೂನಿನಿಂದ ದೊರೆತ ಬಿಡಿಭಾಗ ಹಾಗೂ ಬ್ಯಾಟರಿಯ ಭರವಸೆಗಳು ಇಲ್ಲಿನ ವರ್ತಕರಿಗೂ ಬರವಣಿಗೆಯಲ್ಲಿ ದೊರೆಯಬೇಕಾದರೆ, ಖರೀದಿಯ ವೇಳೆ ಒಬ್ಬೊಬ್ಬರೂ, ಸರ್ಕಾರದ ಮುಂದೆ ವರ್ತಕರ ಸಂಸ್ಥೆಗಳೂ ಅವನ್ನು ಕೇಳಿ ಪಡೆಯಬೇಕಾಗುತ್ತದೆ.