ಅಣುವಿನ ಕಂಪನವೇ ಅದರ ಗುರುತು

ಮೂರು ಸೀಸೆಗಳಲ್ಲಿ ನೀರಿನಂತೆ ತಿಳಿಯಾದ ಮೂರು ದ್ರವಗಳಿವೆಯೆಂದು ಭಾವಿಸೋಣ. ಮೂರೂ ಕ್ಸೈಲೀನ್ ಎಂಬ ಹೈಡ್ರೊಕಾರ್ಬನ್ನುಗಳೇ. ಪ್ರತಿಯೊಂದರ ಅಣುವಿನಲ್ಲಿಯೂ ಇರುವುದು 8 ಇಂಗಾಲದ ಪರಮಾಣುಗಳು, 10 ಜಲಜನಕದ ಪರಮಾಣುಗಳು. ಆದರೂ ಇವುಗಳ ಉಪಯೋಗ ಬೇರೆಬೇರೆ. ಪ್ಯಾರಾ ಕ್ಸೈಲೀನಿನಿಂದ ಪಾಲಿಯೆಸ್ಟರ್ ನೂಲು ತಯಾರಾದರೆ, ಆರ್ಥೋ ಕ್ಸೈಲೀನಿನಿಂದ ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ವಸ್ತುಗಳು ದೊರೆಯುತ್ತವೆ. ಪೆಟ್ರೋಲಿಯಮಿನಿಂದ ಪಡೆಯುವಾಗ ಇವು ಒಂದರೊಡನೊಂದು ಬೆರೆತೇ ಬರುತ್ತವೆ. ಬೆರಕೆಯಲ್ಲಿ ಯಾವುದು ಎಷ್ಟಿದೆಯೆಂದು ಅರಿಯುವುದು ಹೇಗೆ? ಬಟ್ಟಿಯಿಳಿಸಿ ನೋಡೋಣವೆಂದರೆ ಪ್ಯಾರಾ ಸುಮಾರು 138 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ, ಮೆಟಾ 139 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಅಷ್ಟು ಕಿರಿದಾದ ಅಂತರದಿಂದ ಕೆಲಸ ಸಾಗದು.

ಇವುಗಳ ಭೇದವಿರುವುದು ಅಣುವಿನ ರಚನೆಯಲ್ಲಿ. ಆರು ಇಂಗಾಲಗಳ ಉಂಗುರಕ್ಕೆ ಎರಡು ಮೀಥೈಲ್ ಗುಂಪುಗಳು ಅಂಟಿಕೊಂಡಿವೆ: ಆರ್ಥೋದಲ್ಲಿ ಅಕ್ಕಪಕ್ಕದಲ್ಲಿ, ಮೆಟಾದಲ್ಲಿ ನಡುವೆ ಒಂದು ಸ್ಥಾನ ಬಿಟ್ಟು, ಪ್ಯಾರಾದಲ್ಲಿ ಎದುರುಬದುರಾಗಿ. ಆದುದರಿಂದ ಉಂಗುರದಲ್ಲಿ ಉಳಿದ ಜಲಜನಕಗಳ ನೆರೆಹೊರೆಯೂ ಅವು ತೂಗಾಡುವ ವೇಗವೂ ಬೇರೆಬೇರೆಯಾಗುತ್ತವೆ.

ಈ ತೂಗಾಟವನ್ನು ಬಯಲಿಗೆಳೆಯುವುದು ಅವಕೆಂಪು ಕಿರಣ. ರೋಹಿತದಲ್ಲಿ ಕೆಂಪಿನಿಂದಾಚೆಗೆ ಕಣ್ಣಿಗೆ ಕಾಣದ ಈ ಕಿರಣಗಳಿವೆಯೆಂದು 1800ರಲ್ಲಿ ವಿಲಿಯಂ ಹರ್ಷೆಲನು ಉಷ್ಣಮಾಪಕದ ನೆರವಿನಿಂದ ಕಂಡುಹಿಡಿದನು. ಅಣುವು ತನ್ನ ಕಂಪನಕ್ಕೆ ಹೊಂದುವ ಕಿರಣವನ್ನು ಹೀರಿ, ಉಳಿದವನ್ನು ಹಾಯಗೊಡುತ್ತದೆ. ಪ್ಯಾರಾ ಸುಮಾರು 12.6 ಮೈಕ್ರಾನ್, ಮೆಟಾ 13.0 ಮೈಕ್ರಾನ್, ಆರ್ಥೋ 13.5 ಮೈಕ್ರಾನ್ ತರಂಗಾಂತರದ ಕಿರಣವನ್ನು ಬಲವಾಗಿ ಹೀರುತ್ತವೆ.

ಪರೀಕ್ಷೆಗಾಗಿ ದ್ರವವನ್ನು ಎರಡು ಕಿಟಕಿಗಳ ನಡುವೆ ತೆಳ್ಳನೆಯ ಪದರವಾಗಿ ನಿಲ್ಲಿಸುವರು. ಗಾಜು ಈ ಕಿರಣಗಳನ್ನು ತಾನೇ ನುಂಗಿಬಿಡುತ್ತದೆ. ಆದಕಾರಣ ಉಪ್ಪಿನ ಹರಳಿನ ಕಿಟಕಿಗಳನ್ನು ಬಳಸುವುದುಂಟು. ದ್ರವದಲ್ಲಿ ನೀರು ಸೇರಿದ್ದರೆ ಕಿಟಕಿಯೇ ಕರಗೀತು! ಒಂದು ಘಟಕದ ಪ್ರಮಾಣ ಹೆಚ್ಚಿದಷ್ಟೂ ಅದಕ್ಕೆ ಸಲ್ಲುವ ಕಿರಣ ಕುಂದುತ್ತದೆ. ಪ್ರಮಾಣ ತಿಳಿದ ಬೆರಕೆಗಳನ್ನು ಮೊದಲು ಅಳೆದಿಟ್ಟುಕೊಂಡು, ಮೂರು ತರಂಗಾಂತರಗಳಲ್ಲಿ ಅಳತೆ ಮಾಡಿದರೆ ಮೂರು ಸಮೀಕರಣಗಳು ದೊರೆಯುತ್ತವೆ. ಅವನ್ನು ಬಿಡಿಸಿದರೆ ಮೂರರ ಪಾಲೂ ತಿಳಿಯುತ್ತದೆ.

ಈ ವಿಧಾನಕ್ಕೆ ಮಿತಿಯೂ ಉಂಟು. ಪೆಟ್ರೋಲಿನಲ್ಲಿ ನೂರಾರು ಹೈಡ್ರೊಕಾರ್ಬನ್ನುಗಳಿರುವುದರಿಂದ ಅವುಗಳ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಅನಿಲ ಕ್ರೊಮಟೋಗ್ರಫಿ ಅಂತಹ ಬೆರಕೆಗೆ ಹೆಚ್ಚು ತಕ್ಕುದು. ಆದರೆ ಬೇರ್ಪಡಿಸುವ ಗೊಡವೆಯಿಲ್ಲದೆ, ಬೆರಕೆ ಬೆರಕೆಯಾಗಿಯೇ ಇರುವಾಗ, ಕೆಲವೇ ಘಟಕಗಳ ಲೆಕ್ಕವನ್ನು ಬೇಗನೆ ಒಪ್ಪಿಸುವುದು ಅವಕೆಂಪು ಕಿರಣದ ಹಿರಿಮೆ.