ಒಂದು ಕಾಗದದ ಬೆಲೆ 1 ಲಕ್ಷ 40 ಸಾವಿರ!

ಪಿಯುಸಿ ಫಲಿತಾಂಶ ಬಂತು. ಸಿಇಟಿ ರ‍್ಯಾಂಕೂ ಬಂತು. ಸೀಟೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಇನ್ನು ಬಾಕಿ ಇರೋದು ಒಂದೇ. ದುಡ್ಡು!

ವರ್ಷವರ್ಷವೂ ಈ ಹಂಗಾಮಿನಲ್ಲಿ ಬಂದಳಿಕೆ ಸೀಮೆಯ ಮನೆಗಳಲ್ಲಿ ನಡೆಯುವ ಮಾತು ಇದೇ. ಶಿಕಾರಿಪುರ ತಾಲ್ಲೂಕಿಗೆ ಸೇರಿ, ಸೊರಬದ ಮಗ್ಗುಲಿಗೆ ಕೂತಿರುವ ಈ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಈಗ ಚೆನ್ನಾಗಿ ಓದುತ್ತಿದ್ದಾರೆ. ಆದರೆ ಶಿಕ್ಷಣ ಸಾಲದ ಮಾತು ಎತ್ತಿದರೆ ಬಸ್ಸಿನಲ್ಲಿ, ಚಹದಂಗಡಿಯಲ್ಲಿ ಕಿವಿಗೆ ಬೀಳುವುದು ಮೂರು ಬಗೆಯ ಮಾತು.

“ಬಡವರಿಗೆ ಬ್ಯಾಂಕಿನೋರು ಎಲ್ಲಿ ಸಾಲ ಕೊಡ್ತಾರ‍್ರೀ?” ಅನ್ನುವುದು ಒಂದು.

“ನಮ್ದು ನಾಕೆಕರೆ ಹೊಲ ಐತಿ. ಸರ್ಕಾರದ ಲೆಕ್ಕದಾಗೆ ನಾವು ಸಾಹುಕಾರ್ರು. ನಮಗೆಲ್ಲಿ ಸಿಗ್ತೈತಿ?” ಅನ್ನುವುದು ಎರಡು.

“ತಗೊಂಡ್ ಬಿಡ್ರಿ, ಎಲೆಕ್ಷನ್ ಬಂದಾಗ ಮನ್ನಾ ಆಗ್ತೈತಿ” ಅನ್ನುವುದು ಮೂರು.

ಮೂರೂ ತಪ್ಪು ಸ್ವಾಮಿ! ಈ ಮೂರು ತಪ್ಪಿನಿಂದಾಗಿ ಕೆಲವರು ಸೀಟು ಬಿಡುತ್ತಾರೆ, ಕೆಲವರು ಕೈಸಾಲಕ್ಕೆ ಹೋಗುತ್ತಾರೆ. ಇನ್ನು ಕೆಲವರು ಬ್ಯಾಂಕಿನಿಂದ ಸಾಲ ಪಡೆದೂ, ಸರ್ಕಾರ ಕಟ್ಟಬೇಕಾಗಿದ್ದ ಬಡ್ಡಿಯನ್ನು ತಾವೇ ಕಟ್ಟುತ್ತಾರೆ.

ಸಾಲ ಬೇರೆ, ಬಡ್ಡಿ ಬೇರೆ

ಮೊದಲು ಈ ಗಂಟು ಬಿಚ್ಚೋಣ. ಬ್ಯಾಂಕುಗಳು ಇಂದು ಕೊಡುವ ಶಿಕ್ಷಣ ಸಾಲಕ್ಕೆ ಮೂಲ 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆ. ಆ ಯೋಜನೆಯಲ್ಲಿ “ಇಷ್ಟು ಆದಾಯ ಮೀರಿದವರಿಗೆ ಸಾಲವಿಲ್ಲ” ಎಂಬ ಮಾತಿಲ್ಲ, “ಇಷ್ಟಕ್ಕಿಂತ ಕಡಿಮೆ ಇದ್ದವರಿಗೆ ಇಲ್ಲ” ಎಂಬ ಮಾತೂ ಇಲ್ಲ. ಬ್ಯಾಂಕು ನೋಡುವುದು ಸೀಟು ಎಂಥದ್ದು, ಕಾಲೇಜಿಗೆ ಮಾನ್ಯತೆ ಇದೆಯೇ, ಹುಡುಗ ಅಥವಾ ಹುಡುಗಿ ಮುಂದೆ ದುಡಿದು ತೀರಿಸಬಲ್ಲರೇ ಅನ್ನುವುದನ್ನು. 4 ಲಕ್ಷದವರೆಗಿನ ಸಾಲಕ್ಕೆ ಹೊಲ, ಮನೆ ಅಡವಿಡಬೇಕಾಗಿಲ್ಲ. ಅಪ್ಪನೋ ಅಮ್ಮನೋ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 2015ರಲ್ಲಿ ಕೇಂದ್ರ ಸರ್ಕಾರ ಸಾಲಖಾತರಿ ನಿಧಿಯನ್ನು ಮಾಡಿದ ಮೇಲೆ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಸಾಲ ಕೊಡಲು ದಾರಿಯಾಗಿದೆ.

ಹಾಗಾದರೆ ಆದಾಯ ಎಲ್ಲಿ ಬರುತ್ತೆ? ಬಡ್ಡಿಯಲ್ಲಿ! ಸಾಲ ಸಿಗುತ್ತದೋ ಇಲ್ಲವೋ ಎಂಬುದಕ್ಕಿಂತ, ಆ ಸಾಲದ ಬಡ್ಡಿಯನ್ನು ಯಾರು ಕಟ್ಟಬೇಕು ಎಂಬುದನ್ನು ನಿಮ್ಮ ಆದಾಯ ಪ್ರಮಾಣಪತ್ರ ತೀರ್ಮಾನಿಸುತ್ತದೆ.

2009-10ರಿಂದ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯೊಂದು ನಡೆದುಬಂದಿದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಕ್ಕಳು ಪಿಯುಸಿ ನಂತರ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿಗೆ ಸೇರಿದರೆ, ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ, ಈ ಅಷ್ಟೂ ಕಾಲದ ಬಡ್ಡಿ ಪೂರ್ತಿ ಸರ್ಕಾರದ್ದು. 10 ಲಕ್ಷದವರೆಗಿನ ಸಾಲಕ್ಕೆ ಇದು ಅನ್ವಯ. ಈ ಯೋಜನೆಯ ಉಸ್ತುವಾರಿ ಬ್ಯಾಂಕು ಬೇರೆ ಯಾವುದೂ ಅಲ್ಲ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು. ಸಾಲ ಯಾವ ಬ್ಯಾಂಕಿನದಾದರೂ ಬಡ್ಡಿಯ ಕ್ಲೇಮು ಹೋಗುವುದು ಅಲ್ಲಿಗೇ.

ಅಂಗಡಿ ಲೆಕ್ಕದಲ್ಲೇ ನೋಡಿ

ನಾಲ್ಕು ವರ್ಷದ ಎಂಜಿನಿಯರಿಂಗ್. ವರ್ಷಕ್ಕೆ 1 ಲಕ್ಷದಂತೆ ಒಟ್ಟು 4 ಲಕ್ಷ ಸಾಲ. ಲೆಕ್ಕದ ಅನುಕೂಲಕ್ಕೆ ನೂರಕ್ಕೆ ಹತ್ತು ರೂಪಾಯಿ ಬಡ್ಡಿ ಅನ್ನಿ. ಓದಿನ ಕಾಲದಲ್ಲಿ ಬ್ಯಾಂಕು ಹಾಕುವುದು ಸರಳ ಬಡ್ಡಿ. ಮೊದಲ ವರ್ಷ ತೆಗೆದ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ. ಎರಡನೆಯ ಲಕ್ಷಕ್ಕೆ 40 ಸಾವಿರ. ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20 ಸಾವಿರ. ಕೂಡಿಸಿದರೆ 1 ಲಕ್ಷ 40 ಸಾವಿರ!

ನಾಡಕಚೇರಿಯ ಒಂದು ಹಾಳೆ ಕಾಗದ ಹೊತ್ತಿಗೆ ಸರಿಯಾಗಿ ಬ್ಯಾಂಕಿನ ಕಡತಕ್ಕೆ ಸೇರಿದರೆ ಈ ದುಡ್ಡು ಸರ್ಕಾರದ ಲೆಕ್ಕಕ್ಕೆ. ಸೇರದಿದ್ದರೆ ಹುಡುಗನ ತಲೆಯ ಮೇಲೆ. ಅಸಲು ಮಾತ್ರ ಯಾವತ್ತಿದ್ದರೂ ನಿಮ್ಮದೇ. ಇದು ಮನ್ನಾ ಅಲ್ಲ, ಒಂದು ವರ್ಷದ ಗಡುವು ಮುಗಿದ ಮೇಲಿನ ಬಡ್ಡಿಯೂ ನಿಮ್ಮದೇ.

ಇನ್ನೊಂದು ಎಚ್ಚರಿಕೆ. ಈ ಸವಲತ್ತು ಒಬ್ಬರಿಗೆ ಒಂದೇ ಸಲ. ಪದವಿಗೆ ಪಡೆದರೆ ಸ್ನಾತಕೋತ್ತರಕ್ಕಿಲ್ಲ. ಕಾಯಿಲೆಯಂಥ ಕಾರಣವಿಲ್ಲದೆ ಓದು ನಡುವೆ ಬಿಟ್ಟರೂ ಇಲ್ಲ.

4.5 ದಾಟಿದವರಿಗೆ?

ಅಂಗಡಿಕಾರರು, ಸಣ್ಣ ನೌಕರಿಯವರು ಕೇಳುವ ಪ್ರಶ್ನೆ ಇದು. “ಅತ್ತ ಬಡವರಲ್ಲ, ಇತ್ತ ಶ್ರೀಮಂತರಲ್ಲ, ನಮ್ಮ ಗತಿ ಏನು?” 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇವರ ಕಡೆಗೂ ಸ್ವಲ್ಪ ನೋಡಿದೆ. ದೇಶದ ಉತ್ತಮ ಶ್ರೇಣಿಯ ಸಂಸ್ಥೆಗಳ ಪಟ್ಟಿಯೊಂದಿದೆ. ಶುರುವಿನಲ್ಲಿ ಅದರಲ್ಲಿ 860 ಸಂಸ್ಥೆಗಳು. ಅಲ್ಲಿ ಸೀಟು ಸಿಕ್ಕವರಿಗೆ ಅಡಮಾನವಿಲ್ಲ, ಜಾಮೀನಿಲ್ಲ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನವನ್ನೋ ಬಡ್ಡಿ ಸಹಾಯವನ್ನೋ ಪಡೆಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ಕಡಿತ. ಮೇಲಿನ ಲೆಕ್ಕದಲ್ಲೇ ಇದು 42 ಸಾವಿರ ರೂಪಾಯಿ ಆಯಿತು. ಆದರೆ ಈ ಬಡ್ಡಿ ಕಡಿತ ವರ್ಷಕ್ಕೆ ದೇಶದಲ್ಲೆಲ್ಲ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ರಾಜ್ಯದ ನಿಗಮಗಳ ದಾರಿ ಬೇರೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಇವೆರಡರಲ್ಲೂ ‘ಅರಿವು’ ಎಂಬ ಹೆಸರಿನ ಶಿಕ್ಷಣ ಸಾಲವಿದೆ. ವೀರಶೈವ ಲಿಂಗಾಯತ ನಿಗಮದಲ್ಲಿ ಅದರ ಹೆಸರು ‘ಬಸವ ಬೆಳಗು’. ಬಡ್ಡಿ ಶೇಕಡಾ 2ರಷ್ಟು ಹಗುರ. ಆದರೆ ಒಂದೊಂದು ನಿಗಮಕ್ಕೂ ಆದಾಯದ ಮಿತಿ ಒಂದೊಂದು, ಅರ್ಜಿಯ ಗಡುವೂ ಬೇರೆ ಬೇರೆ. ನೆರೆಮನೆಯವರಿಗೆ ಸಿಕ್ಕಿತು ಎಂದು ಅವರ ನಿಯಮ ನಿಮಗೆ ಹೊಂದಬೇಕಿಲ್ಲ. ಆಯಾ ವರ್ಷದ ಪ್ರಕಟಣೆ ಓದಿ, ಇಲ್ಲವೇ ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಶುಂಠಿಯ ವರ್ಷ, ಜೋಳದ ವರ್ಷ

ಈಗ ನಿಜವಾದ ತೊಡಕಿಗೆ ಬರೋಣ. ಸಂಬಳದವನ ಆದಾಯ ಸ್ಲಿಪ್ಪಿನಲ್ಲಿದೆ. ನಮ್ಮ ಸೀಮೆಯ ರೈತನ ಆದಾಯ ಎಲ್ಲಿದೆ? ಶುಂಠಿಗೆ ರೇಟು ಬಂದ ವರ್ಷ ಒಂದು ಲೆಕ್ಕ, ಶುಂಠಿ ಕೊಳೆತ ವರ್ಷ ಇನ್ನೊಂದು. ಮೆಕ್ಕೆಜೋಳ, ಭತ್ತ, ನಾಲ್ಕು ಅಡಿಕೆ ಮರ, ಎರಡು ಎಮ್ಮೆ. ಇದನ್ನೆಲ್ಲ ಕೂಡಿಸಿ ಒಂದು ಅಂಕಿ ಬರೆಯುವವರು ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಇವತ್ತಿಗೂ ‘ಶಾನುಭೋಗ್ರು’ ಅನ್ನುವವರು. ಆಮೇಲೆ ಕಂದಾಯ ನಿರೀಕ್ಷಕರು ನೋಡುತ್ತಾರೆ, ಕೊನೆಗೆ ತಹಶೀಲ್ದಾರರ ಮಂಜೂರಾತಿ.

“ಎಷ್ಟು ಬರೀಲಿ ಗೌಡ್ರೆ?” ಅಂತ ಕೇಳಿದಾಗ “ನಿಮಗೆ ಗೊತ್ತಿದ್ದಂಗೆ ಬರ‍್ಕೊಳ್ರಿ ಸಾರ್” ಅಂದು ಬಂದುಬಿಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಪಹಣಿ, ಬೆಳೆ ವಿವರ, ಡೈರಿಗೆ ಹಾಲು ಹಾಕಿದ ಪುಸ್ತಕ, ಅಂಗಡಿ ಇದ್ದರೆ ಅದರ ಲೆಕ್ಕ ಎಲ್ಲ ಹಿಡಿದುಕೊಂಡು ಹೋಗಿ. ಇದ್ದದ್ದನ್ನು ಇದ್ದಹಾಗೆ ಹೇಳಿ. ಕಡಿಮೆ ಬರೆಸಿಕೊಳ್ಳುವ ಚಾಳಿಯೂ ಬೇಡ. ಆದಾಯ ತೆರಿಗೆ ರಿಟರ್ನಿನಲ್ಲಿ 6 ಲಕ್ಷ, ನಾಡಕಚೇರಿ ಕಾಗದದಲ್ಲಿ 60 ಸಾವಿರ ಇದ್ದರೆ ಎರಡೂ ಒಂದೇ ಮೇಜಿನ ಮೇಲೆ ಬಂದ ದಿನ ಮಗನ ಅರ್ಜಿಯೇ ಅನುಮಾನಕ್ಕೆ ಬೀಳುತ್ತದೆ. ನಿಜವಾದ ಬಡವನ ಪಾಲನ್ನು ಕಸಿದ ಪಾಪವೂ ಬೇರೆ.

ರಾಜ್ಯದಲ್ಲಿ ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಸಿಂಧು. ಎಸ್ಸೆಸ್ಸೆಲ್ಸಿ ಹೊತ್ತಿನಲ್ಲಿ ಮಾಡಿಸಿದ್ದು ಪೆಟ್ಟಿಗೆಯಲ್ಲಿದ್ದರೆ ತೆಗೆದು ತಾರೀಖು ನೋಡಿ. ಅವಧಿ ಇದ್ದರೂ ಬಡ್ಡಿ ಸಹಾಯಕ್ಕೆ ಹೊಸದು ಬೇಕೇ ಎಂದು ಬ್ಯಾಂಕಿನಲ್ಲಿ ಮುಂಚಿತವಾಗಿಯೇ ಕೇಳಿ. ಕೌನ್ಸೆಲಿಂಗ್ ಶುರುವಾದ ಮೇಲೆ ನಾಡಕಚೇರಿಯ ಮುಂದೆ ಎಷ್ಟು ಸಾಲು ಇರುತ್ತದೆ ಅನ್ನುವುದನ್ನು ಹೇಳಬೇಕಾಗಿಲ್ಲ.

“ನಿಮ್ಮೂರು ನಮ್ಮ ಬ್ರಾಂಚಿಗೆ ಬರಲ್ಲ”

ಎರಡು ತಾಲ್ಲೂಕಿನ ನಡುವೆ ಇರುವ ಊರಿಗೆ ಇದೊಂದು ಹಳೆಯ ಶಾಪ. ಯಾವುದಾದರೂ ಶಾಖೆಯಲ್ಲಿ ಈ ಮಾತು ಕೇಳಿಬಂದರೆ ವಾಪಸು ಬರಬೇಡಿ. ಶಿಕ್ಷಣ ಸಾಲದಲ್ಲಿ ಊರು ಸೇವಾ ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಮೆಲ್ಲಗೆ, ಮರ್ಯಾದೆಯಿಂದ ಅದನ್ನು ನೆನಪಿಸಿ. ತಿರಸ್ಕರಿಸುವುದಾದರೆ ಕಾರಣವನ್ನು ಬರೆದು ಕೊಡಲು ಕೇಳಿ.

ಅಪ್ಪನ ಹಳೆಯ ಬೆಳೆಸಾಲ ಬಾಕಿ ಇದ್ದರೆ ಸಿಬಿಲ್ ಅಂಕ ಇಳಿದಿರುತ್ತದೆ. ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸುವುದು ಸರಿಯಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟು ಹೇಳಿತು. ಅದು ಕೇರಳದ ಮಾತು, ನಿಜ. ಆದರೂ ಬಾಕಿ ತೀರಿಸಿದ್ದರೆ ರಸೀದಿ ಜೊತೆಗಿರಲಿ.

ಶಾಸನದಲ್ಲಿ ಇಲ್ಲದ ಸಾಲ

ಇದೇ ಸೀಮೆಯ ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನ ಅಲ್ಲಿ ವೇದ, ವ್ಯಾಕರಣ, ತರ್ಕ ಮೊದಲಾದ ವಿದ್ಯೆಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನ ಸಿಗುತ್ತಿದ್ದುದನ್ನೂ ಹೇಳುತ್ತದೆ. ಅಂಥ ಮಠಗಳು ನಡೆದದ್ದು ಭೂಮಿಯ ದತ್ತಿಯಿಂದ, ಸಾಲದಿಂದಲ್ಲ. ಆದರೆ ಆ ವಿದ್ಯೆಯ ಬಾಗಿಲು ಊರಿನ ಎಲ್ಲ ಮನೆಯ ಮಕ್ಕಳಿಗೂ ತೆರೆದಿರಲಿಲ್ಲ. ಇವತ್ತು ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗೆ ಹೋಗಲು ಮಾತ್ರ ದುಡ್ಡು ಬೇಕು. ಕೇಂದ್ರ ಸರ್ಕಾರ 1963ರಲ್ಲಿ ಬಡ್ಡಿಯೇ ಇಲ್ಲದ ಸಾಲ ವಿದ್ಯಾರ್ಥಿವೇತನ ಶುರುಮಾಡಿತ್ತು. ಅದು ನಿಂತುಹೋಯಿತು. ಈಗ ಉಳಿದಿರುವುದು ಆದಾಯ ತೋರಿಸಿ ಬಡ್ಡಿ ಉಳಿಸಿಕೊಳ್ಳುವ ದಾರಿ.

ಹೆಣ್ಣುಮಕ್ಕಳ ಮಾತು ಬಂದಾಗ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. “ಸಾಲ ಹೊತ್ತ ಹುಡುಗೀನ ಯಾರು ಮದ್ವೆ ಆಗ್ತಾರೆ?” ಎಂದು ಹಿಂಜರಿಯುವ ಅಪ್ಪಂದಿರಿದ್ದಾರೆ. ಬಂದಳಿಕೆಯಲ್ಲೇ ಒಂದು ಕಲ್ಲು ಬೇರೆ ಮಾತು ಹೇಳುತ್ತದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನು ಜಕ್ಕಿಯಬ್ಬೆ ಎಂಬ ಹೆಣ್ಣುಮಗಳ ಕೈಗೆ ಕೊಟ್ಟರು. ಆಕೆ ನಾಡನ್ನು ನಡೆಸಿದಳು. ಹೆಣ್ಣಿಗೆ ನಾಡನ್ನೇ ನಂಬಿ ಕೊಟ್ಟ ಊರಿನಲ್ಲಿ, ಒಂದು ಬಿ.ಇ. ಅಥವಾ ನರ್ಸಿಂಗ್ ಸೀಟಿನ ಸಾಲವನ್ನು ಮಗಳ ಮೇಲೆ ನಂಬಿಕೆಯಿಟ್ಟು ತೆಗೆಯಲಾರೆವೇ? ಹಲವು ಬ್ಯಾಂಕುಗಳು ಹುಡುಗಿಯರಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಬಿಡುತ್ತವೆ ಕೂಡ.

ಈ ವಾರವೇ ಮಾಡಿ

ನಾಡಕಚೇರಿಗೆ ಹೋಗಿ ಆದಾಯದ ಕಾಗದ ಸರಿಮಾಡಿಸಿ. ಕಾಲೇಜಿಗೆ ನ್ಯಾಕ್ ಮಾನ್ಯತೆಯೋ, ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ ಇದೆಯೇ ಎಂದು ಸೀಟು ಒಪ್ಪುವ ಮುಂಚೆಯೇ ಕೇಳಿ. ಬಡ್ಡಿ ಸಹಾಯಕ್ಕೆ ಅದು ಬೇಕು. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಬ್ಯಾಂಕಿನ ಸೀಲಿರುವ ಸ್ವೀಕೃತಿ ಪಡೆಯಿರಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸಹಾಯಧನ ತಾನಾಗಿ ಬಂದು ಖಾತೆಗೆ ಬೀಳುವುದಿಲ್ಲ. ನಿಮ್ಮ ಶಾಖೆ ಕ್ಲೇಮು ಕಳಿಸಿದರೆ ಮಾತ್ರ ಬರುತ್ತದೆ. ಆದ್ದರಿಂದ ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ಮ್ಯಾನೇಜರರನ್ನು ಒಂದೇ ಒಂದು ಪ್ರಶ್ನೆ ಕೇಳಿ: “ಸಾರ್, ನಮ್ಮ ಹುಡುಗಿ ಸಾಲಕ್ಕೆ ಬಡ್ಡಿ ಸಹಾಯದ ಕ್ಲೇಮು ಹಾಕ್ತೀರಲ್ಲ?”

ಪ್ರತಿ ವರ್ಷ ಮರೆಯದೆ ಹೋಗಿ ಇದೇ ಪ್ರಶ್ನೆ ಕೇಳಿ. 1 ಲಕ್ಷ 40 ಸಾವಿರದ ಪ್ರಶ್ನೆ ಅದು.