‘ಡೊನೇಷನ್’ ಎಂಬ ದಾನ

ಯಲಹಂಕ ಉಪನಗರಕ್ಕೆ ಹೊಂದಿಕೊಂಡಿರುವ ಅಟ್ಟೂರಿನಲ್ಲಿ ಸಿ.ಇ.ಟಿ. ಫಲಿತಾಂಶದ ಕಾಲ ಬಂದಿತೆಂದರೆ ಮನೆಮನೆಯಲ್ಲೂ ಒಂದೇ ಚಿಂತೆ. ಮಗಳಿಗೆ ಸರ್ಕಾರಿ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ದೊರೆತೀತೆ, ಇಲ್ಲವೆ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯಬೇಕೆ? ಕಾಲೇಜುಗಳೇನೋ ಸಮೀಪದಲ್ಲೇ ಇವೆ. ಅವಲಹಳ್ಳಿಯಲ್ಲಿ ಬಿ.ಎಂ.ಎಸ್. ಎಜುಕೇಷನಲ್ ಟ್ರಸ್ಟ್ 2002ರಲ್ಲಿ ಒಂದನ್ನು ತೆರೆಯಿತು. ನಿಟ್ಟೆ ಎಜುಕೇಷನ್ ಟ್ರಸ್ಟಿನವರು ಅದಕ್ಕೆ ಒಂದು ವರ್ಷ ಮೊದಲೇ ಯಲಹಂಕಕ್ಕೆ ಬಂದಿದ್ದರು. ಎರಡೂ ದತ್ತಿಸಂಸ್ಥೆಗಳು. ದತ್ತಿಯಿಂದ ಹುಟ್ಟಿದ ಕಾಲೇಜಿನಲ್ಲಿ ಯಾರಿಗೆ ಎಷ್ಟು ಸೀಟು, ಯಾವ ಶುಲ್ಕಕ್ಕೆ ಎಂಬುದನ್ನು ಗೊತ್ತುಮಾಡಿದವರು ಯಾರು?

ಯಶವಂತಪುರದ ಬಳಿ 1909ರಲ್ಲಿ ಸ್ಥಾಪಿತವಾದ ವಿಜ್ಞಾನ ಮಂದಿರದ ಮಾತು ಬೇರೆ. ಜಮ್‌ಷೇಟ್‌ಜಿ ಟಾಟಾ ತಮ್ಮ ಆಸ್ತಿಯಲ್ಲಿ ಪಾಲು ತೆಗೆದಿಟ್ಟರು; ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದಾಗಲೂ ಕೈಬಿಚ್ಚಿದವರು ಅವರೇ. ಕೊಟ್ಟವರು ಕೊಟ್ಟರು, ಓದುವವರು ಓದಿದರು.

ಮಣಿಪಾಲದ ಡಾಕ್ಟರ್ ಟಿ.ಎಂ.ಎ. ಪೈಗಳು ಹಿಡಿದ ದಾರಿ ಹೊಸದು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಿಂದ ಪಿಗ್ಮಿ ಠೇವಣಿ ಕೂಡಿಸಿ ಬ್ಯಾಂಕು ಬೆಳೆಸಿದವರು ಅವರು. ಹಲವರ ಹಣ ಸೇರಿದರೆ ಏನಾದೀತೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಸರ್ಕಾರ ಸಾಕಷ್ಟು ವೈದ್ಯಕೀಯ ಕಾಲೇಜುಗಳನ್ನು ಕಟ್ಟಲಾರದೆ ಇದ್ದ ಕಾಲ. 1953ರಲ್ಲಿ ಅವರು ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ರೋಗಿಗಳ ಬಳಿ ನಿಂತು ಕಲಿಯುವುದಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಒದಗಿತು. ಖರ್ಚಿನ ಭಾರವನ್ನು ಮುಖ್ಯವಾಗಿ ಹೊತ್ತವರು ವಿದ್ಯಾರ್ಥಿಗಳ ಮನೆಯವರು. ಗುಡ್ಡದ ಮೇಲೆ ಊರೊಂದು ಎದ್ದಿತು. ಸಾವಿರಾರು ವೈದ್ಯರು ಹೊರಬಂದರು. ಈ ಸಾಧನೆಯನ್ನು ಅಲ್ಲಗಳೆಯುವಂತಿಲ್ಲ.

ಆದರೆ ಮುಂದಿನ ದಶಕಗಳಲ್ಲಿ ಇದೇ ದಾರಿಯನ್ನು ಹಲವರು ಹಿಡಿದಾಗ ‘ಡೊನೇಷನ್’ ಎಂಬ ಶಬ್ದದ ಅರ್ಥವೇ ಬದಲಾಯಿತು. ಕೊಡುಗೈ ದಾನಿಯ ಕೊಡುಗೆಯೆಂಬುದು ಹೋಗಿ, ಸೀಟಿಗಾಗಿ ತಂದೆ ತೆರುವ ಹಣವೆಂಬುದು ಕನ್ನಡದ ಮನೆಗಳಲ್ಲಿ ರೂಢಿಯಾಯಿತು. ತಾಯಿಯ ಬಳೆ ಅಡವಿಗೆ ಹೋದ ಮನೆಗಳಿಗೆ ಲೆಕ್ಕವುಂಟೆ?

ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕಾನೂನು ಮಾಡಿತು. ಆ ಕಾನೂನಿನಡಿಯಲ್ಲೇ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ದರ ಕಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರು 25,000, ಹೊರನಾಡಿನವರು 60,000. ನಿಷೇಧಿಸಿದ್ದನ್ನೇ ಬೇರೆ ಹೆಸರಿನಲ್ಲಿ ಒಪ್ಪಿದಂತಾಯಿತಲ್ಲವೆ? ತುಮಕೂರಿನ ಕಾಲೇಜೊಂದರಲ್ಲಿ ಸೀಟು ಕೋರಿದ್ದ ಮೀರತ್ತಿನ ವಿದ್ಯಾರ್ಥಿನಿಯೊಬ್ಬಳು ಇದನ್ನೇ ಪ್ರಶ್ನಿಸಿದಳು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಕೆಯ ಪರವಾಗಿ ನಿಂತು, ಆ 60,000 ರೂಪಾಯಿ ಕ್ಯಾಪಿಟೇಷನ್ ಶುಲ್ಕವೇ ಎಂದಿತು. ಮರುವರ್ಷ ಇನ್ನೊಂದು ತೀರ್ಪಿನಲ್ಲಿ ಅರ್ಧ ಸೀಟು ಸರ್ಕಾರಿ ಶುಲ್ಕಕ್ಕೆ, ಅರ್ಧ ಹೆಚ್ಚಿನ ಶುಲ್ಕಕ್ಕೆ, ಎರಡೂ ಅರ್ಹತೆಯ ಮೇಲೆ ಎಂಬ ಏರ್ಪಾಡು ಬಂದಿತು. ನಮ್ಮ ಸಿ.ಇ.ಟಿ. ಘಟಕ 1994ರಲ್ಲಿ ಹುಟ್ಟಿದುದು ಇದರ ಬೆನ್ನಿಗೇ.

ಸಂಸ್ಥೆಗಳು ಸುಮ್ಮನಿರಲಿಲ್ಲ. ಪೈಗಳ ಹೆಸರಿನ ಪ್ರತಿಷ್ಠಾನವೇ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆ ಹನ್ನೊಂದು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯಿತು. 2002ರ ಅಕ್ಟೋಬರ್ 31ರಂದು ತೀರ್ಪು ಹೊರಬಿದ್ದಿತು. ಹಳೆಯ ಏರ್ಪಾಡು ರದ್ದಾಯಿತು. ಸರ್ಕಾರದ ನೆರವಿಲ್ಲದ ಸಂಸ್ಥೆ ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಬಹುದು. ಬೆಳವಣಿಗೆಗೆಂದು ಮಿತವಾದ ಮಿಗತೆಯೂ ಇರಬಹುದು. ಲಾಭಕೋರತನ ಮಾತ್ರ ಕೂಡದು. ಇಡೀ ದೇಶದ ವೃತ್ತಿಶಿಕ್ಷಣಕ್ಕೆ ಅನ್ವಯಿಸುವ ನಿಯಮ ಕನ್ನಡನಾಡಿನ ದತ್ತಿಯೊಂದರ ಹೆಸರಿನಲ್ಲಿ ಬಂದಿತು. 2005ರಲ್ಲಿ ಏಳು ನ್ಯಾಯಮೂರ್ತಿಗಳು ಮತ್ತೂ ಮುಂದೆ ಹೋಗಿ, ಅಂತಹ ಕಾಲೇಜುಗಳ ಮೇಲೆ ಸರ್ಕಾರ ತನ್ನ ಕೋಟಾವನ್ನು ಬಲವಂತವಾಗಿ ಹೇರಲಾಗದೆಂದರು.

ಹೀಗಾಗಿ ನಮ್ಮಲ್ಲಿ ಸೀಟುಗಳ ಪಾಲು ಬಹುಮಟ್ಟಿಗೆ ನಿರ್ಧಾರವಾಗಿರುವುದು ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ನಡುವಣ ಒಪ್ಪಂದದಿಂದ: ಒಂದು ಪಾಲು ಸಿ.ಇ.ಟಿ.ಗೆ, ಒಂದು ಕಾಲೇಜುಗಳ ಒಕ್ಕೂಟದ ಕಾಮೆಡ್-ಕೆ ಪರೀಕ್ಷೆಗೆ, ಉಳಿದುದು ಮ್ಯಾನೇಜ್‌ಮೆಂಟಿಗೆ. ಮಾತುಕತೆಯ ಮೇಜಿನ ಬಳಿ ಪೋಷಕರಿಗೆ ಕುರ್ಚಿಯಿಲ್ಲ. ‘ಮಿತವಾದ ಮಿಗತೆ’ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಮೊದಲಾಗುವುದೆಂದು ಅವರು ತಿಳಿಯುವುದಾದರೂ ಹೇಗೆ? ದತ್ತಿಯ ಹೆಸರಿನಲ್ಲಿ ತೆರಿಗೆಯ ವಿನಾಯಿತಿ ಪಡೆಯುವ ಸಂಸ್ಥೆ, ಶುಲ್ಕದ ರಸೀದಿಯ ಜೊತೆಗೆ ವರ್ಷದ ಜಮಾಖರ್ಚಿನ ಒಂದು ಹಾಳೆಯನ್ನೂ ಅವರ ಕೈಗೆ ಕೊಡಲಿ.